ಓದುಗರ ಪ್ರಶ್ನೆ, ನಮ್ಮ ಉತ್ತರ: ರೀಲು ಕ್ಯಾಮೆರಾದವರ ಬಳಗ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಓದುಗರೊಬ್ಬರು, ರೀಲು ಹಾಕುವ ಕ್ಯಾಮೆರಾದಲ್ಲಿ ಈಗಲೂ ಫೋಟೊ ತೆಗೆಯುವವರು ನಮ್ಮ ಭಾಗದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರು. ವಿಜಯಪುರದಲ್ಲಿ ನಾವು ಏಳೆಂಟು ಜನ ತಿಂಗಳಿಗೊಮ್ಮೆ ಸೇರುತ್ತೇವೆ, ಒಟ್ಟಿಗೆ ನಡೆದು ಫೋಟೊ ತೆಗೆಯುತ್ತೇವೆ, ತೆಗೆದ ರೀಲನ್ನು ನಾವೇ ತೊಳೆಯುತ್ತೇವೆ, ವರ್ಷಕ್ಕೊಮ್ಮೆ ಗೋಡೆಗೆ ಹಾಕಿ ಊರವರಿಗೆ ತೋರಿಸುತ್ತೇವೆ ಎಂದು ನಾನು ಬರೆದಿದ್ದೆ. ಅದಾದ ಮೇಲೆ ಇಂಡಿಯಿಂದ ಬೆಳಗಾವಿಯವರೆಗೆ ಹಲವು ಕಡೆಗಳಿಂದ ಪತ್ರಗಳು ಬಂದಿವೆ. ಒಬ್ಬರ ಪ್ರಶ್ನೆಗೆ ಕೊಟ್ಟ ಉತ್ತರ ಇನ್ನೊಬ್ಬರ ಉಪಯೋಗಕ್ಕೂ ಬರುವಂತಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೆ, ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾ ಸಿಕ್ಕಿದೆ. ಗುಂಡಿ ಒತ್ತಿದರೆ ಸದ್ದು ಬರುತ್ತದೆ. ಇದರಿಂದ ಈಗಲೂ ಫೋಟೊ ತೆಗೆಯಲು ಆಗುತ್ತದೆಯೇ? ನಿಮ್ಮ ಬಳಗಕ್ಕೆ ಬರಲು ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ? (ಪದವಿ ವಿದ್ಯಾರ್ಥಿ, ವಿಜಯಪುರ)

ಉತ್ತರ: ಖಂಡಿತ ಆಗುತ್ತದೆ, ಬೇರೆ ಏನನ್ನೂ ಕೊಳ್ಳಬೇಡಿ. ನಿಮ್ಮ ಅಜ್ಜನ ಕ್ಯಾಮೆರಾ ಒಂದು ಕಾಲಕ್ಕೆ ನಮ್ಮ ದೇಶದಲ್ಲಿಯೇ, ವಡೋದರಾದಲ್ಲಿ ತಯಾರಾಗುತ್ತಿತ್ತು, ಮಧ್ಯಮ ವರ್ಗದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಅದೇ ಆಗಿತ್ತು. ಅದಕ್ಕೆ 120 ಅಳತೆಯ ರೀಲು ಹಾಕಬೇಕು, ಒಂದು ರೀಲಿಗೆ ಆರು ಸೆಂಟಿಮೀಟರ್ ಚೌಕದ 12 ಚಿತ್ರಗಳು ಬರುತ್ತವೆ. ನಿಮ್ಮ ಅಜ್ಜ ಬಹುಶಃ ಉದಕಮಂಡಲದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲು ಹಾಕಿರಬೇಕು. ಆ ಕಾರ್ಖಾನೆ ಮುಚ್ಚಿಹೋಗಿದೆ. ಆದರೆ ಅದೇ ಅಳತೆಯ ರೀಲನ್ನು ಇಂಗ್ಲೆಂಡಿನ ಇಲ್ಫೋರ್ಡ್, ಅಮೆರಿಕದ ಕೊಡಾಕ್ ಮೊದಲಾದ ಕಂಪನಿಗಳು ಇವತ್ತಿಗೂ ತಯಾರಿಸುತ್ತಿವೆ, ನಮ್ಮ ದೇಶದ ದೊಡ್ಡ ಊರುಗಳ ವ್ಯಾಪಾರಿಗಳಿಂದ ಅಂಚೆಯಲ್ಲಿ ತರಿಸಿಕೊಳ್ಳಬಹುದು.

ರೀಲು ಹಾಕುವ ಮೊದಲು ಹಿಂಬದಿಯ ಮುಚ್ಚಳ ತೆಗೆದು, ಕ್ಯಾಮೆರಾವನ್ನು ಕಿಟಕಿಯ ಕಡೆ ಹಿಡಿದು, ಒಳಗಿನಿಂದ ಲೆನ್ಸಿನತ್ತ ನೋಡುತ್ತ ಗುಂಡಿ ಒತ್ತಿ. ಪ್ರತಿ ಸಲವೂ ಬೆಳಕು ಒಮ್ಮೆ ಮಿಂಚಿ ಮರೆಯಾದರೆ ಬೆಳಕನ್ನು ಕ್ಷಣ ಹೊತ್ತು ಒಳಗೆ ಬಿಡುವ ಶಟರ್ ಸರಿಯಾಗಿದೆ ಎಂದರ್ಥ. ಲೆನ್ಸಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅಷ್ಟಕ್ಕೇ ಎದೆಗುಂದಬೇಡಿ, ಸ್ವಲ್ಪ ಬೂಷ್ಟು ಇದ್ದರೂ ಚಿತ್ರ ಬರುತ್ತದೆ. ಈ ಕ್ಯಾಮೆರಾದ ಶಟರ್ ನಿಧಾನದ್ದಾದ್ದರಿಂದ ಬೆಳಕನ್ನು ನಿಧಾನವಾಗಿ ಗ್ರಹಿಸುವ 100 ಐಎಸ್‌ಒ ರೀಲೇ ಇರಲಿ, ಬೇಗ ಗ್ರಹಿಸುವ 400ರ ರೀಲು ನಮ್ಮ ಕಡೆಯ ಬಿಸಿಲಿಗೆ ಅತಿಯಾಗುತ್ತದೆ. ಇನ್ನೊಂದು ಎಚ್ಚರ: ಹಿಂಭಾಗದಲ್ಲಿ ಚಿತ್ರದ ಸಂಖ್ಯೆ ನೋಡಲು ಪುಟ್ಟದೊಂದು ಕೆಂಪು ಕಿಂಡಿ ಇದೆ. ಈಗಿನ ರೀಲುಗಳು ಕೆಂಪು ಬೆಳಕನ್ನೂ ಗ್ರಹಿಸುತ್ತವೆ, ಹೀಗಾಗಿ ಆ ಕಿಂಡಿಯ ಮೇಲೆ ಕಪ್ಪು ಟೇಪು ಅಂಟಿಸಿ, ರೀಲು ತಿರುಗಿಸುವಾಗ ಮಾತ್ರ ನೆರಳಿಗೆ ಹೋಗಿ ಟೇಪು ಎತ್ತಿ ನೋಡಿ. ನಮ್ಮಲ್ಲಿ ಒಬ್ಬರು ಇದನ್ನು ಮರೆತು ಇಡೀ ರೀಲಿನ ನಡುವೆ ಸಾಲಾಗಿ ದುಂಡನೆಯ ಮಬ್ಬು ಕಲೆಗಳನ್ನು ಪಡೆದರು. ಬಳಗಕ್ಕೆ ಬರುವವರು ಮೊದಲ ಸಲ ರೀಲು ಹಾಕಲೇಬೇಕೆಂದೂ ಇಲ್ಲ. ಸುಮ್ಮನೆ ಜೊತೆಗೆ ನಡೆಯಿರಿ, ಬೇರೆಯವರು ಬೆಳಕನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ನೋಡಿ.

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಕಪ್ಪುಬಿಳುಪು ರೀಲನ್ನು ಮನೆಯಲ್ಲಿಯೇ ತೊಳೆಯಲು ಪ್ರಯತ್ನಿಸಿದೆವು. ಮೊದಲ ರೀಲು ತೀರ ಕಪ್ಪಾಯಿತು. ಎರಡನೆಯದರಲ್ಲಿ ಸಣ್ಣ ಬಿರುಕುಗಳೂ ಬಿಳಿ ಚುಕ್ಕೆಗಳೂ ಬಂದಿವೆ. ಇದನ್ನು ಕಾರ್ಯಾಗಾರದಲ್ಲಿಯೇ ಕಲಿಯಬೇಕೇ, ಪುಸ್ತಕ ನೋಡಿ ಕಲಿಯಲು ಆಗುವುದಿಲ್ಲವೇ? (ಇಂಡಿ)

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನದೇ ಮೊದಲ ರೀಲು ನೆನಪಾಯಿತು. ನೀವು ಕಂಡ ಮೂರೂ ದೋಷಗಳು ನಮ್ಮ ನೀರಿನಿಂದ ಬಂದವು. ತೊಳೆಯುವ ವಿಧಾನವನ್ನು ಹೇಳುವ ಪುಸ್ತಕಗಳೂ ರೀಲಿನ ಡಬ್ಬಿಯ ಮೇಲಿನ ಸೂಚನೆಗಳೂ 20 ಡಿಗ್ರಿ ಸೆಲ್ಸಿಯಸ್ ನೀರನ್ನು ಲೆಕ್ಕಕ್ಕೆ ಹಿಡಿದು ಬರೆದವು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಮೇಲಿನ ಟಾಕಿಯಿಂದ ಬರುವ ನೀರು ಕೈಗೆ ಸುಡುತ್ತಿರುತ್ತದೆ. ರೀಲಿನ ಮೇಲೆ ಚಿತ್ರವನ್ನು ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಬಿಸಿಯಾದಷ್ಟೂ ವೇಗವಾಗಿ ಕೆಲಸ ಮಾಡುವುದರಿಂದ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಬಿಟ್ಟರೆ ರೀಲು ಕಪ್ಪಾಗದೆ ಬೇರೆ ದಾರಿಯಿಲ್ಲ. ಬಿರುಕುಗಳ ಕಾರಣ ಇನ್ನೂ ಸೂಕ್ಷ್ಮವಾದದ್ದು. ಚಿತ್ರ ಮೂಡುವುದು ಜೆಲಾಟಿನ್ ಎಂಬ ತೆಳುವಾದ ಪದರದಲ್ಲಿ, ಒದ್ದೆಯಾದಾಗ ಅದು ಹಿಗ್ಗಿ ಮೆತ್ತಗಾಗಿರುತ್ತದೆ. ತಂಪಾದ ಡೆವಲಪರಿನಿಂದ ತೆಗೆದು ಒಮ್ಮೆಲೇ ಬಿಸಿ ನೀರಿಗೆ ಹಾಕಿದರೆ ಅದು ಸುಕ್ಕುಗಟ್ಟಿ ಸೀಳುತ್ತದೆ. ನಾನು ಅವಧಿ ಮೀರಿದ ಹಳೆಯ ರೀಲೊಂದನ್ನು ಹೀಗೆಯೇ ಕೆಡಿಸಿಕೊಂಡೆ. ಬೆಳಕಿಗೆ ಹಿಡಿದು ನೋಡಿದರೆ ನನ್ನ ತಾಯಿಯ ಮುಖದ ತುಂಬ ಬತ್ತಿದ ಕೆರೆಯ ತಳದಂತೆ ಗೆರೆಗಳಿದ್ದವು. ಆ ಚಿತ್ರವನ್ನು ಮತ್ತೆ ತೆಗೆಯಲು ಆಗಲಿಲ್ಲ. ಹೊಸಬರಿಗೆ ಕಾರ್ಯಾಗಾರ ಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೇ. ಒಬ್ಬರು ರೀಲು ಕೆಡಿಸಿಕೊಂಡು ಕಲಿತದ್ದು ಹತ್ತು ಜನರ ರೀಲನ್ನು ಉಳಿಸುತ್ತದೆ.

ನಮ್ಮ ಬಳಗದಲ್ಲಿ ನೀರಿಗೆ ಕಂಡುಕೊಂಡ ಪರಿಹಾರ ಮನೆಯದೇ. ಹಿಂದಿನ ರಾತ್ರಿಯೇ ಮಣ್ಣಿನ ಹರವಿಯಲ್ಲಿ ನೀರು ತುಂಬಿ ಗಾಳಿ ಆಡುವ ಕಡೆ ಇಡುತ್ತೇವೆ. ನಮ್ಮ ಬೇಸಿಗೆಯ ಗಾಳಿ ಒಣಗಾಳಿಯಾದ್ದರಿಂದ ಹರವಿಯ ನೀರು ಚೆನ್ನಾಗಿ ತಣಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಅದರಲ್ಲಿ ಇಳಿಬಿಟ್ಟು 24 ಡಿಗ್ರಿಗೆ ತರುತ್ತೇವೆ. 20ಕ್ಕೇ ಇಳಿಸಬೇಕೆಂದು ಹಟ ಹಿಡಿಯುವುದಕ್ಕಿಂತ, ಎಲ್ಲ ದ್ರಾವಣಗಳೂ ಕೊನೆಯ ತೊಳೆಯುವ ನೀರೂ ಒಂದೇ ಬಿಸಿಯಲ್ಲಿರುವಂತೆ ನೋಡಿಕೊಂಡು ಸಮಯವನ್ನು ಕಡಿಮೆ ಮಾಡುವುದು ಸುಲಭ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ರೀಲಿಗೆ ಐಡಿ-11 ಡೆವಲಪರನ್ನು ಸಮಪಾಲು ನೀರು ಬೆರೆಸಿ ಬಳಸಿದರೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕು, 24ರಲ್ಲಿ ಸುಮಾರು 9 ನಿಮಿಷ ಸಾಕು. ನೀರು ಬೆರೆಸದ ಡೆವಲಪರನ್ನು ಬೇಸಿಗೆಯಲ್ಲಿ ನಾವು ಬಳಸುವುದೇ ಇಲ್ಲ. ಸಮಯ ಐದು ನಿಮಿಷಕ್ಕಿಂತ ಕಡಿಮೆಯಾದರೆ ಕಪ್ಪು ಒಂದೇ ಸಮನಾಗಿ ಏರದೆ ಆಕಾಶದಲ್ಲಿ ಪಟ್ಟೆಗಳು ಬೀಳುತ್ತವೆ. ಬಿಳಿ ಚುಕ್ಕೆಗಳು ಕೊಳವೆಬಾವಿಯ ಗಡಸು ನೀರಿನ ಸುಣ್ಣ. ಕೊನೆಯ ಒಂದು ಜಾಲಾಡಿಕೆಯನ್ನು ಮಾತ್ರ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿ ನೋಡಿ, ಚುಕ್ಕೆಗಳು ನಿಲ್ಲುತ್ತವೆ.

ಕಾರ್ಯಾಗಾರದ ಮೊದಲ ಒಂದು ತಾಸು ನಾವು ರಾಸಾಯನಿಕಗಳನ್ನು ಮುಟ್ಟುವುದಿಲ್ಲ. ಪ್ರತಿಯೊಬ್ಬರ ಕೈಗೂ ಒಂದು ಕೆಟ್ಟ ರೀಲನ್ನೂ, ರೀಲು ತೊಳೆಯುವ ತೊಟ್ಟಿಯೊಳಗೆ ಇಡುವ ಪ್ಲಾಸ್ಟಿಕ್ ಸುರುಳಿಯನ್ನೂ ಕೊಡುತ್ತೇವೆ. ಮೊದಲು ಬೆಳಕಿನಲ್ಲಿ ನೋಡುತ್ತ ಸುತ್ತಬೇಕು, ಆಮೇಲೆ ಕಣ್ಣು ಮುಚ್ಚಿ ಸುತ್ತಬೇಕು, ಆಮೇಲೆ ಕತ್ತಲೆ ಚೀಲದಲ್ಲಿ ಕೈ ತೂರಿಸಿ ಸುತ್ತಬೇಕು. ರೀಲಿನ ಅಂಚು ಸುರುಳಿಯ ಜಾಡಿನಲ್ಲಿ ಸರಿಯಾಗಿ ಕೂತಿದೆಯೇ ಎಂಬುದು ಹೆಬ್ಬೆರಳಿಗೆ ತಿಳಿಯುತ್ತದೆ. ತಪ್ಪಿದ್ದರೆ ಒಂದು ಸಣ್ಣ ಕರಕರ ಸದ್ದು ಬರುತ್ತದೆ, ಆ ಸದ್ದು ಬಂದ ಕೂಡಲೆ ನಿಲ್ಲಿಸಿ ಹಿಂದಕ್ಕೆ ಬಿಡಿಸಬೇಕು. ಕೈ ಬೆವತರೆ ರೀಲು ಸುರುಳಿಗೆ ಅಂಟಿಕೊಂಡು ಮುಂದೆ ಸರಿಯುವುದೇ ಇಲ್ಲ. ಆದ್ದರಿಂದ ಬೇಸಿಗೆಯಲ್ಲಿ ರೀಲು ಸುತ್ತುವ ಕೆಲಸವನ್ನು ನಾವು ಬೆಳಗಿನ ಆರು ಗಂಟೆಗೇ ಮುಗಿಸುತ್ತೇವೆ.

ಡೆವಲಪರಿನ ನಂತರ ಚಿತ್ರವನ್ನು ಕಾಯಂ ಮಾಡುವ ದ್ರಾವಣವಾದ ಹೈಪೊ ಇನ್ನೂ ಚೆನ್ನಾಗಿದೆಯೇ ಎಂದು ತಿಳಿಯಲು ರೀಲಿನ ತುದಿಯ ತುಂಡೊಂದನ್ನು ಬೆಳಕಿನಲ್ಲಿಯೇ ಅದರಲ್ಲಿ ಅದ್ದಿ, ಅದು ಪಾರದರ್ಶಕವಾಗಲು ಹಿಡಿಯುವ ಸಮಯವನ್ನು ನೋಡಿಕೊಳ್ಳಿ, ಅದರ ಎರಡರಷ್ಟು ಹೊತ್ತು ನಿಮ್ಮ ರೀಲನ್ನು ಬಿಡಬೇಕು. ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ದಯವಿಟ್ಟು ಹಳ್ಳಕ್ಕೋ ಬಾವಿಯ ಪಕ್ಕಕ್ಕೋ ಚೆಲ್ಲಬೇಡಿ. ಹಿಂದಿನ ಕಾಲದ ಸ್ಟುಡಿಯೊದವರು ಬೆಳ್ಳಿ ತೆಗೆಯುವವರಿಗಾಗಿ ಅದನ್ನು ಕ್ಯಾನುಗಳಲ್ಲಿ ಕೂಡಿಡುತ್ತಿದ್ದರು, ನಾವೂ ಕೂಡಿಡುತ್ತೇವೆ.

ಖರ್ಚಿನ ಬಗೆಗೂ ಒಂದು ಮಾತು. ಒಂದು ಲೀಟರ್ ಡೆವಲಪರನ್ನು ಸಮಪಾಲು ನೀರಿನೊಂದಿಗೆ ಬಳಸಿದರೆ ರೀಲಿಗೆ 150 ಮಿಲಿಲೀಟರಿನ ಲೆಕ್ಕದಲ್ಲಿ ಆರು ರೀಲು ತೊಳೆಯಬಹುದು. ಆದರೆ ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ತಾಗಿ ಅದು ಒಂದೆರಡು ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ತಿಂಗಳಿಗೆ ಒಂದು ರೀಲು ತೆಗೆಯುವ ಒಬ್ಬರಿಗೆ ಇದು ನಷ್ಟ, ಆರು ಜನ ಒಂದೇ ಭಾನುವಾರ ಕೂತು ತೊಳೆದರೆ ಒಂದು ಹನಿಯೂ ಹಾಳಾಗುವುದಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮಲ್ಲಿ ಆರೇಳು ಜನ ಆಸಕ್ತರಿದ್ದೇವೆ, ಅವರಲ್ಲಿ ಮೂವರು ಮಹಿಳೆಯರು. ವಿಜಯಪುರ ಅಥವಾ ಬಾದಾಮಿಯಲ್ಲಿ ಫೋಟೊ ನಡಿಗೆ ಏರ್ಪಡಿಸಬೇಕೆಂದಿದ್ದೇವೆ. ಅನುಮತಿ ಬೇಕೇ? ಯಾವ ಹೊತ್ತು ಒಳ್ಳೆಯದು? (ಜಮಖಂಡಿ)

ಉತ್ತರ: ಹತ್ತು ಜನರಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಿ, ಇದು ನನ್ನ ಮೊದಲ ಸಲಹೆ. ಹದಿನೈದು ಜನ ಒಂದು ಓಣಿಗೆ ನುಗ್ಗಿದರೆ ಅದು ಮೆರವಣಿಗೆಯಾಗುತ್ತದೆ, ಮನೆಯ ಮುಂದೆ ಕೂತ ಹಿರಿಯರು ಎದ್ದು ಒಳಗೆ ಹೋಗುತ್ತಾರೆ. ಮಹಿಳೆಯರು ಇರುವ ಗುಂಪಿನ ಬಗೆಗೆ ನೀವು ಸಂಕೋಚದಿಂದ ಬರೆದಂತಿದೆ. ನಮ್ಮ ಅನುಭವದಲ್ಲಿ ಮಹಿಳೆಯರು ಜೊತೆಗಿದ್ದ ನಡಿಗೆಗಳಲ್ಲಿಯೇ ಮನೆಗಳ ಬಾಗಿಲು ತೆರೆದಿವೆ, ಅಂಗಳಕ್ಕೆ ಕರೆದು ಚಹಾ ಕೊಟ್ಟಿದ್ದಾರೆ.

ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿಯ ಗುಹೆಗಳು, ಪಟ್ಟದಕಲ್ಲು, ಐಹೊಳೆ ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೆ ಸೇರುತ್ತವೆ. ಕೈಯಲ್ಲಿ ಹಿಡಿದು ಸ್ವಂತಕ್ಕೆ ಫೋಟೊ ತೆಗೆಯಲು ತೊಂದರೆಯಿಲ್ಲ, ಮುಕ್ಕಾಲಿ (ಟ್ರೈಪಾಡ್) ಒಯ್ಯಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಅನುಮತಿ ಸಿಗದಿದ್ದರೆ ಚಿಂತಿಸಬೇಡಿ. ಗೋಳಗುಮ್ಮಟದ ಒಳಗೆ ಚೀಲವನ್ನು ನೆಲಕ್ಕಿಟ್ಟು ಅದರ ಮೇಲೆ ಕ್ಯಾಮೆರಾವನ್ನು ಮೇಲ್ಮುಖವಾಗಿ ಮಲಗಿಸಿ ಗುಮ್ಮಟದ ಒಳಮೈಯನ್ನು ನಾವು ತೆಗೆದಿದ್ದೇವೆ. ಅಲ್ಲಿ ಬೆಳಕು ಬಹಳ ಕಡಿಮೆ. ಬೆಳಕು ಅಳೆಯುವ ಮೀಟರು 10 ಸೆಕೆಂಡು ತೋರಿಸಿದರೆ ಎಚ್‌ಪಿ5 ರೀಲಿಗೆ 20 ಸೆಕೆಂಡು ಕೊಡಬೇಕು, ಏಕೆಂದರೆ ಮಂದ ಬೆಳಕು ದೀರ್ಘ ಹೊತ್ತು ಬಿದ್ದಾಗ ರೀಲಿನ ಗ್ರಹಣಶಕ್ತಿ ಕುಗ್ಗುತ್ತದೆ.

ಹೊತ್ತಿನ ವಿಷಯದಲ್ಲಿ ಪ್ರತಿ ಕಟ್ಟಡಕ್ಕೂ ಅದರದೇ ಗಳಿಗೆ ಇದೆ. ಗೋಳಗುಮ್ಮಟದ ಮುಖ ದಕ್ಷಿಣಕ್ಕಿರುವುದರಿಂದ ಬೆಳಗಿನ ಬಿಸಿಲು ಪಕ್ಕದಿಂದ ಬಿದ್ದು ಮೂಲೆಯ ಏಳಂತಸ್ತಿನ ಗೋಪುರಗಳ ಕಿಂಡಿಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತದೆ. ಇಬ್ರಾಹಿಂ ರೋಜಾದಲ್ಲಿ ಒಂದೇ ಕಟ್ಟೆಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿವೆ, ಬೆಳಿಗ್ಗೆ ಮಸೀದಿಯ ಮುಂಭಾಗಕ್ಕೆ ಬೆಳಕು, ಸಂಜೆ ಸಮಾಧಿಯ ಪಡುಮುಖಕ್ಕೆ. ಬಾರಾ ಕಮಾನಿನ ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ಎದುರಾಗಿ ನಿಲ್ಲುವುದರಿಂದ ಹೊಸಬರು ಅಲ್ಲಿ ತಪ್ಪುವುದು ಹೆಚ್ಚು. ಮೀಟರು ತಾನು ಕಂಡದ್ದನ್ನೆಲ್ಲ ಬೂದಿ ಬಣ್ಣವೆಂದೇ ಲೆಕ್ಕ ಹಾಕುತ್ತದೆ. ಕರಿಗಲ್ಲಿಗೆ ಹಿಡಿದು ಅಳೆದರೆ ಬೆಳಕು ಹೆಚ್ಚಾಗಿ ಕಲ್ಲು ಬೂದಿಯಾಗಿ ಕಾಣುತ್ತದೆ, ಆದ್ದರಿಂದ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿಕೊಳ್ಳಿ. ಮೀಟರೇ ಇಲ್ಲದ ಕ್ಯಾಮೆರಾ ಇರುವವರು, ಬಯಲು ಬಿಸಿಲಿನಲ್ಲಿ 400ರ ರೀಲಿಗೆ ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಇಟ್ಟು ಶಟರನ್ನು ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕೆ ಇಟ್ಟರೆ ಸಾಕು.

ಬಾದಾಮಿಯದು ಕೆಂಪು ಮರಳುಗಲ್ಲು. ಕಪ್ಪುಬಿಳುಪು ರೀಲಿನಲ್ಲಿ ಲೆನ್ಸಿನ ಮುಂದೆ ಕಿತ್ತಳೆ ಅಥವಾ ಕೆಂಪು ಫಿಲ್ಟರ್ ಹಾಕಿದರೆ ಬಂಡೆ ಬೆಳಗುತ್ತದೆ, ನೀಲಿ ಆಕಾಶ ಗಾಢವಾಗುತ್ತದೆ. ಕೆಂಪು ಫಿಲ್ಟರಿಗೆ ಮೂರು ಸ್ಟಾಪ್ ಹೆಚ್ಚು ಬೆಳಕು ಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಗೆ ಸಂಜೆ ಹೋಗಿ, ಅದರ ಮುಖ ಕೆರೆಯ ಕಡೆಗೆ, ಪಶ್ಚಿಮಕ್ಕೆ ಇದೆ.

ನಡಿಗೆಯ ಮೊದಲು ನಾನು ಹೊಸಬರಿಗೆ ಒಂದು ಸಂಗತಿಯನ್ನು ಹೇಳುವುದುಂಟು. 1855ರಲ್ಲಿ ಬೊಂಬಾಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಕಟ್ಟಡಗಳ ಫೋಟೊ ತೆಗೆಯಲು ನೇಮಿಸಿತು. ಆತ ವಿಜಯಪುರ, ಬಾದಾಮಿ, ಐಹೊಳೆಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ. ಮೋಟಾರು ವಾಹನಗಳಿಲ್ಲದ ಕಾಲದಲ್ಲಿ, ಭಾರವಾದ ಪೆಟ್ಟಿಗೆ ಹೊರಿಸಿಕೊಂಡು, ಇದೇ ಬಿಸಿಲಿನಲ್ಲಿ, ಒಂದೊಂದು ಚಿತ್ರಕ್ಕೂ ಕಾದು ನಿಂತವರು ನಮಗಿಂತ ಮೊದಲು ಇಲ್ಲಿ ನಿಂತಿದ್ದರು ಎಂಬುದು ತಿಳಿದರೆ, ಕೈಯಲ್ಲಿರುವ 35 ಮಿಲಿಮೀಟರ್ ರೀಲಿನ 36 ಚಿತ್ರಗಳನ್ನು ಯಾರೂ ಅರ್ಧ ತಾಸಿನಲ್ಲಿ ಮುಗಿಸುವುದಿಲ್ಲ. ಆದರೆ ಬಿಗ್ಸ್‌ನ ಹಾಗೆ ಕಟ್ಟಡಗಳನ್ನಷ್ಟೇ ತೆಗೆದು ಬರಬೇಡಿ ಎಂಬುದೂ ನನ್ನ ಮನವಿ. ವಿಜಯಪುರದ ಸ್ಮಾರಕಗಳು ಜನವಸತಿಯ ನಡುವೆ ಇವೆ. ಕಮಾನಿನ ನೆರಳಿನಲ್ಲಿ ಟಾಂಗಾದ ಕುದುರೆಗೆ ಮೇವು ಹಾಕುತ್ತಿರುವವರನ್ನು ಮೊದಲು ಮಾತಾಡಿಸಿ, ಒಪ್ಪಿಗೆ ಕೇಳಿ, ಒಂದೇ ಚಿತ್ರ ತೆಗೆಯಿರಿ, ಅವರ ಹೆಸರನ್ನೂ ಓಣಿಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ತಿಂಗಳು ಆ ಪ್ರಿಂಟನ್ನು ಅವರ ಕೈಗೆ ಮುಟ್ಟಿಸಬೇಕು. ನಮ್ಮ ಬಳಗದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. ಕೊಟ್ಟ ಮಾತು ತಪ್ಪಿದವರ ಜೊತೆ ಎರಡನೆಯ ಸಲ ಅದೇ ಓಣಿಗೆ ಹೋಗಲು ನಮಗೆ ಮುಖವಿರುವುದಿಲ್ಲ.

ಪ್ರಶ್ನೆ: ಫೋನಿನಲ್ಲಿಯೇ ಸೊಗಸಾದ ಫೋಟೊ ಬರುವಾಗ ಇಷ್ಟು ದುಡ್ಡು ಸುರಿದು ರೀಲು ತೊಳೆಯುವುದು ಶೋಕಿಯಲ್ಲವೇ? (ಗುಳೇದಗುಡ್ಡ)

ಉತ್ತರ: ಖಣ ನೇಯುವ ಊರಿನಿಂದ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ. ಯಂತ್ರದ ಮಗ್ಗದ ಬಟ್ಟೆ ಕಡಿಮೆ ಬೆಲೆಗೆ ಸಿಗುತ್ತದೆಂದು ಕೈಮಗ್ಗದ ಮುಂದೆ ಕೂತವರ ಕೆಲಸವನ್ನು ನೀವು ಶೋಕಿ ಎನ್ನಲಾರಿರಿ. ರೀಲಿನ ಬೆಲೆ ಹೆಚ್ಚಾಗಿದೆ ಎಂಬುದು ನಿಜ, ಎಲ್ಲರೂ ಇದನ್ನೇ ಮಾಡಬೇಕೆಂದು ನಾನು ಹೇಳುವುದಿಲ್ಲ. ನನ್ನ ಬಳಿಯೂ ಫೋನು ಇದೆ, ಅದರಲ್ಲಿ ತೆಗೆದ ಸಾವಿರಾರು ಚಿತ್ರಗಳೂ ಇವೆ, ಅವುಗಳಲ್ಲಿ ಕಾಗದಕ್ಕೆ ಇಳಿದು ಬೇರೆಯವರ ಮನೆಯ ಗೋಡೆ ಸೇರಿದವು ಇಲ್ಲವೇ ಇಲ್ಲವೆನ್ನಬಹುದು. ರೀಲಿನ ಕೆಲಸ ಪ್ರಿಂಟಿನವರೆಗೆ ಹೋಗದೆ ಮುಗಿಯುವುದಿಲ್ಲ, ಆದ್ದರಿಂದಲೇ ಅದು ಜನರ ಕೈ ಸೇರುತ್ತದೆ.

ಪ್ರಶ್ನೆ: ನಾವು ಕಲರ್ ರೀಲುಗಳನ್ನು ಕೊರಿಯರಿನಲ್ಲಿ ದೂರದ ಲ್ಯಾಬಿಗೆ ಕಳಿಸುತ್ತೇವೆ. ಖರ್ಚು ಹೆಚ್ಚು, ಒಮ್ಮೆ ರೀಲು ದಾರಿಯಲ್ಲಿ ಕಳೆದೂಹೋಯಿತು. ಕಲರನ್ನು ಇಲ್ಲಿಯೇ ತೊಳೆಯಬಹುದೇ? (ಬೆಳಗಾವಿ)

ಉತ್ತರ: ತೊಳೆಯಬಹುದು. ಸಿ-41 ಎಂಬ ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಇರಬೇಕು, ಸಮಯ 3 ನಿಮಿಷ 15 ಸೆಕೆಂಡು. ದೊಡ್ಡ ಬುಟ್ಟಿಯಲ್ಲಿ 39 ಡಿಗ್ರಿಯ ನೀರು ತುಂಬಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ, ಡೆವಲಪರಿನೊಳಗೇ ಥರ್ಮಾಮೀಟರ್ ಇಟ್ಟು ಕಾಯಿರಿ. ಕಪ್ಪುಬಿಳುಪಿಗೆ ಶತ್ರುವಾದ ಬೇಸಿಗೆ ಕಲರಿಗೆ ಬಂಧುವಾಗುತ್ತದೆ. ಕಲಸಿದ ಡೆವಲಪರ್ ಕೆಲವೇ ವಾರ ಬಾಳುವುದರಿಂದ ಬಳಗದ ಎಲ್ಲರ ರೀಲುಗಳನ್ನೂ ಫ್ರಿಜ್ಜಿನಲ್ಲಿ ಕೂಡಿಟ್ಟು ಒಂದೇ ಶನಿವಾರ-ಭಾನುವಾರ ಮುಗಿಸಿ. ಬೆಳಗಾವಿಯಲ್ಲಿ ನಿಮ್ಮ ನಿಜವಾದ ಚಿಂತೆ ಮಳೆಗಾಲದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ ಲೆನ್ಸುಗಳನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿಯಾದ ಡಬ್ಬಿಯಲ್ಲಿಡಿ. ಅದೇ ಮಳೆಗಾಲದ ಮೋಡದ ಬೆಳಕು ಕೋಟೆಯೊಳಗಿನ ಕಮಲ ಬಸದಿಗೆ ಬಹಳ ಚೆಂದ. ಅಲ್ಲಿಯ ನುಣುಪಾದ ಕಂಬಗಳ ಮೇಲೆ ಹೊರಗಿನ ಬೆಳಕು ಹೊಳೆಯುವುದನ್ನು ನೋಡಲು ನಾನು ವಿಜಯಪುರದಿಂದ ಎರಡು ಸಲ ಬಂದಿದ್ದೇನೆ.

ಪ್ರಶ್ನೆ: ಮಕ್ಕಳಿಗೆ ಇದನ್ನು ಕಲಿಸಬೇಕೆಂಬ ಆಸೆ, ಆದರೆ ಶಾಲೆಯಲ್ಲಿ ಒಂದೂ ಕ್ಯಾಮೆರಾ ಇಲ್ಲ. (ಶಿಕ್ಷಕರು, ಇಳಕಲ್ಲ)

ಉತ್ತರ: ಡಬ್ಬಿ ಇದ್ದರೆ ಸಾಕು. ಸುಮಾರು 10 ಸೆಂಟಿಮೀಟರ್ ಆಳದ ತಗಡಿನ ಡಬ್ಬಿಯ ಒಳಗೆ ಕಪ್ಪು ಬಣ್ಣ ಬಳಿದು, ಒಂದು ಬದಿಗೆ ದೊಡ್ಡ ತೂತು ಕೊರೆದು ಅದರ ಮೇಲೆ ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ತೆಳು ತಗಡನ್ನು ಅಂಟಿಸಿ, ಅದಕ್ಕೆ ಸಣ್ಣ ಸೂಜಿಯ ತುದಿಯಿಂದ 0.4 ಮಿಲಿಮೀಟರಿಗಿಂತ ತುಸು ಕಡಿಮೆಯ ತೂತು ಮಾಡಿ, ಎದುರು ಬದಿಗೆ ಕಪ್ಪುಬಿಳುಪು ಪ್ರಿಂಟಿನ ಕಾಗದ ಅಂಟಿಸಬೇಕು. ಆ ಕಾಗದ ಕೆಂಪು ದೀಪದಲ್ಲಿ ಕೆಡುವುದಿಲ್ಲ, ಹೀಗಾಗಿ ಡೆವಲಪರಿನಲ್ಲಿ ಚಿತ್ರ ನಿಧಾನವಾಗಿ ಮೂಡಿ ಬರುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಒಳ್ಳೆಯ ಬಿಸಿಲಿನಲ್ಲಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ತೂತು ತೆರೆದಿಟ್ಟರೆ ಚಿತ್ರ ಬರುತ್ತದೆ. ಏಪ್ರಿಲ್ ತಿಂಗಳ ಕೊನೆಯ ಭಾನುವಾರವನ್ನು ಜಗತ್ತಿನ ಎಲ್ಲೆಡೆ ಸೂಜಿರಂಧ್ರ ಕ್ಯಾಮೆರಾದ ದಿನವಾಗಿ ಆಚರಿಸುತ್ತಾರೆ, ಬೇಸಿಗೆ ರಜೆಯ ಶಿಬಿರಕ್ಕೆ ಅದು ಸರಿಹೊಂದುತ್ತದೆ. ರಾಸಾಯನಿಕಗಳನ್ನು ಮಕ್ಕಳ ಕೈಗೆ ಕೊಡುವಾಗ ಇಕ್ಕಳ ಮತ್ತು ಕೈಗವಸು ಕಡ್ಡಾಯವಾಗಿರಲಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಬಾಗಲಕೋಟೆಯ ಹಳೆಯ ಊರಿನಲ್ಲಿ ಸ್ಟುಡಿಯೊ ಇತ್ತು. ಮುಳುಗಡೆಯಾದ ಮೇಲೆ ನವನಗರಕ್ಕೆ ಬಂದೆವು. ಅವರು ತೀರಿಕೊಂಡಿದ್ದಾರೆ. ಒಂದು ಟ್ರಂಕಿನ ತುಂಬ ನೆಗೆಟಿವ್‌ಗಳು ಮಾಳಿಗೆಯ ಮೇಲಿನ ತಗಡಿನ ಖೋಲಿಯಲ್ಲಿವೆ. ತೆರೆದರೆ ಹುಳಿ ವಾಸನೆ ಬರುತ್ತದೆ. ಇವುಗಳನ್ನು ಏನು ಮಾಡಬೇಕು? ಪ್ರದರ್ಶನ ಮಾಡಿದರೆ ಜನ ನೋಡುತ್ತಾರೆಯೇ? (ನವನಗರ, ಬಾಗಲಕೋಟೆ)

ಉತ್ತರ: ಈ ಪತ್ರವನ್ನು ನಾನು ನಮ್ಮ ಬಳಗದ ಮುಂದೆ ಗಟ್ಟಿಯಾಗಿ ಓದಿದೆ. ಆಲಮಟ್ಟಿಯ ಹಿನ್ನೀರಿಗೆ ಸೇರಿದ ಮನೆ, ಕಟ್ಟೆ, ಅಂಗಡಿ ಸಾಲುಗಳು ಈಗ ಇರುವುದು ನಿಮ್ಮ ಟ್ರಂಕಿನಂಥ ಕೆಲವು ಟ್ರಂಕುಗಳಲ್ಲಿ ಮಾತ್ರ. ಸ್ಟುಡಿಯೊದ ಪರದೆಯ ಮುಂದೆ ಕೂತ ನವದಂಪತಿಗಳ ಹಿಂದೆ ಊರು ಕಾಣಲಿಕ್ಕಿಲ್ಲ, ಆದರೆ ನಿಮ್ಮ ತಂದೆಯವರು ಮದುವೆಗೆ, ಜಾತ್ರೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಹೊರಗೆ ಹೋಗಿ ತೆಗೆದವುಗಳಲ್ಲಿ ಓಣಿಗಳು ಖಂಡಿತ ಇರುತ್ತವೆ.

ಹುಳಿ ವಾಸನೆ ನಿರ್ಲಕ್ಷಿಸುವಂಥದ್ದಲ್ಲ. ಹಳೆಯ ರೀಲುಗಳ ಪಟ್ಟಿ ಅಸಿಟೇಟ್ ಎಂಬ ವಸ್ತುವಿನದು. ಬಿಸಿ ಮತ್ತು ತೇವ ತಾಗಿದರೆ ಅದು ಒಡೆದು ವಿನೆಗರ್ ವಾಸನೆಯ ಆಮ್ಲ ಬಿಡುತ್ತದೆ, ಆ ಆಮ್ಲ ಪಕ್ಕದ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ, ಕೊನೆಗೆ ಪಟ್ಟಿ ಕುಗ್ಗಿ ಚಿತ್ರದ ಪದರ ಸುಕ್ಕಾಗಿ ಮೇಲೇಳುತ್ತದೆ. ಇದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ, ನಿಧಾನಗೊಳಿಸಬಹುದಷ್ಟೇ. ವಾಸನೆ ಬರುವವುಗಳನ್ನು ವಾಸನೆ ಇಲ್ಲದವುಗಳಿಂದ ಬೇರೆ ಮಾಡಿ, ಮೊದಲು ಅವುಗಳನ್ನೇ ಸ್ಕ್ಯಾನ್ ಮಾಡಿಸಿ. ಒಳ್ಳೆಯ ಸ್ಕ್ಯಾನರ್ ಇಲ್ಲದಿದ್ದರೆ ಬಿಳಿ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸಿನ ಡಿಜಿಟಲ್ ಕ್ಯಾಮೆರಾದಿಂದ ಮೇಲಿನಿಂದ ತೆಗೆಯಬಹುದು, ನಾವು ಹಾಗೆಯೇ ಮಾಡುತ್ತೇವೆ. ಅಂಚುಗಳನ್ನು ಮಾತ್ರ ಹಿಡಿಯಿರಿ, ನೀರು ಹಚ್ಚಿ ಒರೆಸಬೇಡಿ, ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ. ನೆಗೆಟಿವ್ ಇದ್ದ ಹಳೆಯ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲೆ ನಿಮ್ಮ ತಂದೆಯವರು ಸೀಸದಕಡ್ಡಿಯಲ್ಲಿ ಬರೆದ ಹೆಸರು, ತಾರೀಖು, ಮುಂಗಡದ ಮೊತ್ತ ಇವೆಲ್ಲ ಚಿತ್ರದಷ್ಟೇ ಬೆಲೆಯುಳ್ಳವು. ಕೆಲವು ನೆಗೆಟಿವ್‌ಗಳ ಮೇಲೆ, ಮುಖದ ಭಾಗದಲ್ಲಿ, ಬೆಳಕನ್ನು ಓರೆಯಾಗಿ ಹಿಡಿದರೆ ಸಣ್ಣ ಸಣ್ಣ ಪೆನ್ಸಿಲ್ ಗೆರೆಗಳು ಕಾಣಬಹುದು. ಅದು ಕೊಳೆಯಲ್ಲ, ಸಿಡುಬಿನ ಕಲೆಯನ್ನೋ ಕಣ್ಣಿನ ಕೆಳಗಿನ ಕಪ್ಪನ್ನೋ ಮರೆಮಾಡಲು ಆ ಕಾಲದ ಸ್ಟುಡಿಯೊದವರು ಮಾಡುತ್ತಿದ್ದ ಟಚಿಂಗ್.

ಪ್ರದರ್ಶನಕ್ಕೆ ದೊಡ್ಡ ಸಭಾಂಗಣ ಹುಡುಕಬೇಡಿ. ಹಳೆಯ ಊರಿನಿಂದ ಬಂದವರು ದಿನವೂ ಓಡಾಡುವ ಸ್ಥಳ ಯಾವುದು ಎಂದು ನೋಡಿ: ಗ್ರಂಥಾಲಯದ ಪಡಸಾಲೆ, ಗುಡಿಯ ಸಮುದಾಯ ಭವನ, ಶಾಲೆಯ ವರಾಂಡ. ನೇರ ಬಿಸಿಲು ಬೀಳದ ಗೋಡೆಯಿರಲಿ. ಎಂಟು ಇಂಚು ಹತ್ತು ಇಂಚಿನ ಪ್ರಿಂಟುಗಳು ಸಾಕು, ಚಿತ್ರದ ನಡುಭಾಗ ನೆಲದಿಂದ ನಾಲ್ಕೂಮುಕ್ಕಾಲು ಅಡಿ ಎತ್ತರಕ್ಕೆ ಬರಲಿ, ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರಾದ್ದರಿಂದ ಇನ್ನೂ ತುಸು ಕೆಳಗಿದ್ದರೂ ಸರಿ. ಶೀರ್ಷಿಕೆಗಳನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಯಿರಿ. ಗುರುತು ಸಿಕ್ಕ ಕುಟುಂಬಗಳ ಒಪ್ಪಿಗೆಯನ್ನು ಮೊದಲೇ ಕೇಳಿ. ತೀರಿಕೊಂಡವರ ಅಂತಿಮ ದರ್ಶನದ ಚಿತ್ರಗಳು, ಮುರಿದುಬಿದ್ದ ಮದುವೆಯ ಚಿತ್ರಗಳು ಟ್ರಂಕಿನಲ್ಲಿ ಇದ್ದೇ ಇರುತ್ತವೆ. ಅವು ಗೋಡೆಗೆ ಬರಬಾರದು, ಕೇಳಿದರೆ ಆ ಮನೆಯವರಿಗೆ ಮಾತ್ರ ಕೊಡಬೇಕು.

ಪ್ರತಿ ಚಿತ್ರದ ಕೆಳಗೆ ಒಂದು ಖಾಲಿ ಹಾಳೆಯನ್ನೂ ದಾರ ಕಟ್ಟಿದ ಪೆನ್ನನ್ನೂ ಇಡಿ. ಕಳೆದ ವರ್ಷ ನಮ್ಮ ಪ್ರದರ್ಶನದಲ್ಲಿ ಹಳೆಯ ಸ್ಟುಡಿಯೊ ಒಂದರ ಗುರುತಿಲ್ಲದ ಕೆಲವು ಚಿತ್ರಗಳಿಗೆ ಹೀಗೆ ಇಟ್ಟಿದ್ದೆವು. ಶಾಲೆಯ ಮಕ್ಕಳ ಗುಂಪಿನ ಚಿತ್ರವೊಂದರ ಮುಂದೆ ಒಬ್ಬ ಅಜ್ಜಿ ಬಹಳ ಹೊತ್ತು ನಿಂತಿದ್ದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಮೊಮ್ಮಗಳನ್ನು ಕರೆದು, ಎಡಗಡೆಯಿಂದ ಮೂರನೆಯವಳ ಮೇಲೆ ಬೆರಳಿಟ್ಟು, ಇವಳು ನಮ್ಮ ಓಣಿಯವಳು, ಇವಳ ಪಕ್ಕದವಳು ಅವಳ ತಂಗಿ ಎಂದು ಒಂದೊಂದೇ ಹೆಸರು ಹೇಳುತ್ತ ಬರೆಸಿದರು. ಸಂಜೆಯ ಹೊತ್ತಿಗೆ ಆ ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ, ಬೇರೆ ಕೈಬರಹದಲ್ಲಿ ಇನ್ನೂ ನಾಲ್ಕು ಹೆಸರು ಸೇರಿದ್ದವು. ಜನ ನೋಡುತ್ತಾರೆಯೇ ಎಂಬ ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ. ಮುಳುಗಡೆಯಾದ ಊರಿನ ಚಿತ್ರಗಳಿಗಂತೂ ನೀವು ಹಾಳೆಗಳನ್ನು ಹೆಚ್ಚಾಗಿಯೇ ತಂದಿಡಬೇಕಾಗುತ್ತದೆ.

ಸ್ಕ್ಯಾನ್ ಮಾಡಲು ಕೈ ಸಾಲದಿದ್ದರೆ ನಮ್ಮ ಬಳಗದ ಮೂವರು ಎರಡು ಭಾನುವಾರ ನಿಮ್ಮಲ್ಲಿಗೆ ಬರಲು ಸಿದ್ಧರಿದ್ದಾರೆ, ಪತ್ರಿಕೆಯ ಕಚೇರಿಗೆ ತಿಳಿಸಿದರೆ ಸಾಕು. ಅಲ್ಲಿಯವರೆಗೆ ಕಾಯದೆ ಒಂದು ಕೆಲಸ ಮಾಡಿ. ಆ ಟ್ರಂಕನ್ನು ಇವತ್ತೇ ತಗಡಿನ ಖೋಲಿಯಿಂದ ಕೆಳಗಿಳಿಸಿ, ಮನೆಯ ಅತ್ಯಂತ ತಂಪಾದ, ಒಣಗಿದ ಕೋಣೆಯಲ್ಲಿ, ನೆಲಕ್ಕೂ ಗೋಡೆಗೂ ತಾಗದಂತೆ ಎರಡು ಇಟ್ಟಿಗೆಗಳ ಮೇಲೆ ಇಡಿ, ಒಳಗಿನ ಆಮ್ಲದ ಗಾಳಿ ಹೊರಗೆ ಹೋಗುವಂತೆ ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದಿಡಿ.